ಉಸಿರಿನ ಅಳತೆ: ಶಸ್ತ್ರಚಿಕಿತ್ಸೆಯ ವೇಳೆ ಶ್ವಾಸಕೋಶದ ರಕ್ಷಣೆ

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ೧೯೦೭ರ ಏಪ್ರಿಲ್ ೧ರಂದು ಜನಿಸಿ, ಸಿದ್ಧಗಂಗೆಯ ದಾಸೋಹದ ಹೊಣೆಯನ್ನು ಸುಮಾರು ಎಂಟು ದಶಕಗಳ ಕಾಲ ಹೊತ್ತ ಪರಮಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಕೊನೆಯ ದಿನಗಳು ನಮ್ಮ ಭಾಗದ ಪ್ರತಿಯೊಂದು ಮನೆಯ ನೆನಪಿನಲ್ಲೂ ಇವೆ. ೨೦೧೮ರ ಡಿಸೆಂಬರ್ ೮ರಂದು ಚೆನ್ನೈನ ರೇಲಾ ಆಸ್ಪತ್ರೆಯಲ್ಲಿ ಡಾ. ಮೊಹಮ್ಮದ್ ರೇಲಾ ಅವರ ತಂಡವು ಪಿತ್ತನಾಳದ ತೊಂದರೆಗಾಗಿ ಪೂಜ್ಯರಿಗೆ ಶಸ್ತ್ರಚಿಕಿತ್ಸೆ ನಡೆಸಿತು. ಆಗ ಪೂಜ್ಯರಿಗೆ ೧೧೧ ವರ್ಷ ತುಂಬಿತ್ತು. ಶಸ್ತ್ರಚಿಕಿತ್ಸೆಯನ್ನು ಆ ದೇಹ ತಾಳಿಕೊಂಡಿತು. ಅದೇ ತಿಂಗಳು ಅವರು ಮಠಕ್ಕೆ ಮರಳಿದರು. ಮುಂದಿನ ವಾರಗಳಲ್ಲಿ ಕಾಡಿದ್ದು ಶ್ವಾಸಕೋಶದ ಸೋಂಕು. ಕೃತಕ ಉಸಿರಾಟದ ನೆರವು ಬೇಕಾಯಿತು. ೨೦೧೯ರ ಜನವರಿ ೨೧ರಂದು ಪೂಜ್ಯರು ಲಿಂಗೈಕ್ಯರಾದರು.

ಆ ಚಿಕಿತ್ಸೆಯ ವಿಮರ್ಶೆ ನಮ್ಮ ಉದ್ದೇಶವಲ್ಲ. ನೂರು ದಾಟಿದ ದೇಹಕ್ಕೆ ವೈದ್ಯರು ಮಾಡಿದ್ದು ಸಾಹಸವೇ ಸರಿ. ಆದರೆ ಆ ದಿನಗಳಲ್ಲಿ ವಾರ್ತೆಗಳನ್ನು ಕೇಳುತ್ತ ಕುಳಿತಿದ್ದ ಅನೇಕ ಭಕ್ತರ ಬಾಯಲ್ಲಿ ಒಂದೇ ಪ್ರಶ್ನೆಯಿತ್ತು: ಹೊಟ್ಟೆಗೆ ಆದ ಶಸ್ತ್ರಚಿಕಿತ್ಸೆಗೂ ಎದೆಯ ಸೋಂಕಿಗೂ ಏನು ಸಂಬಂಧ? ನಮ್ಮ ನಾಲ್ಕೂ ತಾಲ್ಲೂಕುಗಳ ಮನೆಗಳಲ್ಲಿ ಹಿರಿಯರಿಗೆ ಪಿತ್ತಕೋಶದ ಕಲ್ಲು, ಕರುಳಿನ ಗಂಟು, ಗರ್ಭಕೋಶ ಎಂದು ಆಪರೇಷನ್ ಆದಾಗಲೆಲ್ಲ ಈ ಪ್ರಶ್ನೆ ಮರಳಿ ಬರುತ್ತದೆ. “ಆಪರೇಷನ್ ಚೆನ್ನಾಗಿ ಆಯ್ತು, ಆಮೇಲೆ ಕಫ ಕಟ್ಟಿ ನ್ಯುಮೋನಿಯಾ ಆಯ್ತು” ಎಂಬ ಮಾತನ್ನು ಕೇಳದವರು ನಮ್ಮಲ್ಲಿ ವಿರಳ. ಈ ತಿಂಗಳ ಅಂಕಣವನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಪೂರ್ಣ ಅರಿವಳಿಕೆ ಕೊಟ್ಟಾಗ ನಿದ್ರೆಯ ಔಷಧದ ಜೊತೆಗೆ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನೂ ಸಾಮಾನ್ಯವಾಗಿ ಕೊಡುತ್ತಾರೆ. ಆಗ ವಪೆಯೂ ಸೇರಿದಂತೆ ಉಸಿರಾಟದ ಸ್ನಾಯುಗಳೆಲ್ಲ ತಟಸ್ಥವಾಗುತ್ತವೆ. ಗಂಟಲ ಮೂಲಕ ಶ್ವಾಸನಾಳಕ್ಕೆ ಒಂದು ಕೊಳವೆಯನ್ನು ಇಳಿಸಿ, ಯಂತ್ರವು ಗಾಳಿಯನ್ನು ಒಳನೂಕುತ್ತದೆ. ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ನಾವು ಸಹಜವಾಗಿ ಉಸಿರೆಳೆದುಕೊಳ್ಳುವಾಗ ಎದೆಗೂಡು ಹಿಗ್ಗಿ ಗಾಳಿ ತಾನಾಗಿ ಒಳಸರಿಯುತ್ತದೆ. ಯಂತ್ರದ ಉಸಿರು ಇದಕ್ಕೆ ತದ್ವಿರುದ್ಧ. ಅದು ಕಮ್ಮಾರನ ತಿದಿಯಂತೆ ಗಾಳಿಯನ್ನು ಒತ್ತಿ ನೂಕುತ್ತದೆ. ತಿದಿ ಹದವಾಗಿ ಊದಿದರೆ ಕೆಂಡ ಬೆಳಗುತ್ತದೆ, ಬಿರುಸಾಗಿ ಊದಿದರೆ ಕಿಡಿ ಹಾರಿ ಬೂದಿ ಚೆಲ್ಲುತ್ತದೆ.

ಇದರ ಜೊತೆಗೆ ಮತ್ತೊಂದು ತೊಡಕಿದೆ. ಅಂಗಾತ ಮಲಗಿದ ದೇಹದಲ್ಲಿ ವಪೆಯ ಬಿಗುಪು ಹೋದೊಡನೆ ಹೊಟ್ಟೆಯ ಅಂಗಗಳು ಅದನ್ನು ಎದೆಯತ್ತ ತಳ್ಳುತ್ತವೆ. ಬೆನ್ನಿನ ಕಡೆಯ ಶ್ವಾಸಕೋಶದ ಭಾಗ ಅದುಮಿ ಮುಚ್ಚಿಕೊಳ್ಳುತ್ತದೆ. ಪೂರ್ಣ ಅರಿವಳಿಕೆ ಪಡೆದವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಯಲ್ಲಿ ಹೀಗೆ ಒಂದಿಷ್ಟು ಭಾಗ ಮುಚ್ಚಿಕೊಳ್ಳುವುದನ್ನು ಸ್ಕ್ಯಾನ್ ಮೂಲಕ ಕಂಡಿದ್ದಾರೆ. ನಮ್ಮ ಶ್ವಾಸಕೋಶದಲ್ಲಿ ಮೂವತ್ತು ಕೋಟಿಗೂ ಮೇಲ್ಪಟ್ಟು ವಾಯುಕೋಶಗಳಿವೆ. ಅವುಗಳಲ್ಲಿ ಮುಚ್ಚಿದವಕ್ಕೆ ಗಾಳಿ ಹೋಗದು. ತೆರೆದಿರುವವಕ್ಕೆ ಪಾಲಿಗಿಂತ ಹೆಚ್ಚು ಗಾಳಿ ನುಗ್ಗಿ ಅವು ಮಿತಿಮೀರಿ ಹಿಗ್ಗುತ್ತವೆ. ಇವೆರಡರ ನಡುವೆ ಇರುವವು ಪ್ರತಿ ಉಸಿರಿಗೂ ಅಂಟಿಕೊಂಡು ಬಿಚ್ಚಿಕೊಳ್ಳುತ್ತ, ಒದ್ದೆಯಾದ ಎರಡು ಎಲೆಗಳನ್ನು ಗಳಿಗೆಗೊಮ್ಮೆ ಕಿತ್ತು ಮತ್ತೆ ಅಂಟಿಸಿದಂತೆ ಸವೆಯುತ್ತವೆ. ಮೂರು ನಾಲ್ಕು ಗಂಟೆಗಳ ಶಸ್ತ್ರಚಿಕಿತ್ಸೆಯೆಂದರೆ ಇಂತಹ ಎರಡು ಮೂರು ಸಾವಿರ ಉಸಿರುಗಳು.

ಈ ಯಂತ್ರದ ಹಿಂದಿನ ಚರಿತ್ರೆ ಸ್ವಾರಸ್ಯವಾಗಿದೆ. ೧೯೫೨ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಪೋಲಿಯೊ ಪಿಡುಗು ಮುತ್ತಿತು. ಉಸಿರಾಟದ ಸ್ನಾಯುಗಳೇ ಸೋತುಹೋದ ಮಕ್ಕಳು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಹನ್ನೆರಡು ವರ್ಷದ ಒಬ್ಬ ಬಾಲಕಿಯ ಶ್ವಾಸನಾಳಕ್ಕೆ ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಅಮುಕಿ ಗಾಳಿ ಕೊಟ್ಟು ಆಕೆಯನ್ನು ಉಳಿಸಿದರು. ಆಮೇಲೆ ನೂರಾರು ವೈದ್ಯ ವಿದ್ಯಾರ್ಥಿಗಳು ಸರದಿಯಂತೆ ಹಗಲೂ ರಾತ್ರಿ ಹಾಸಿಗೆಯ ಪಕ್ಕದಲ್ಲಿ ಕುಳಿತು ಚೀಲ ಅಮುಕಿದರು. ಕಾಯಕವೆಂಬ ಶಬ್ದ ಆ ನಾಡಿನವರಿಗೆ ತಿಳಿಯದಿದ್ದರೂ ಅವರು ಮಾಡಿದ್ದು ಅದನ್ನೇ. ಎದೆ ಎಷ್ಟು ಏರಿತು, ಚೀಲ ಎಷ್ಟು ಬಿಗಿಯಾಯಿತು ಎಂಬುದು ಅಮುಕುವ ಕೈಗೆ ಗೊತ್ತಾಗುತ್ತಿತ್ತು. ಮುಂದೆ ಆ ಕೈಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಾಗ, ಕೈಗಿದ್ದ ಆ ತಿಳಿವಳಿಕೆಯನ್ನು ಅಂಕಿಗಳಲ್ಲಿ ಬರೆದು ಕೊಡಬೇಕಾಯಿತು. ಎಡವಟ್ಟು ಆದದ್ದು ಅಲ್ಲಿಯೇ.

೧೯೬೩ರಲ್ಲಿ ಅಮೆರಿಕದ ಬೆಂಡಿಕ್ಸನ್ ಮತ್ತು ಸಂಗಡಿಗರು, ಶಸ್ತ್ರಚಿಕಿತ್ಸೆಯ ವೇಳೆ ಒಂದೇ ಸಮನೆ ಸಣ್ಣ ಉಸಿರು ಕೊಟ್ಟರೆ ಶ್ವಾಸಕೋಶ ಕುಸಿದು ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆಂದು ತೋರಿಸಿದರು. ಅವರು ಕಂಡದ್ದು ಸುಳ್ಳಲ್ಲ. ಆದರೆ ಅದರಿಂದ ವೈದ್ಯಲೋಕ ಕಲಿತ ಪಾಠ “ಹಾಗಾದರೆ ದೊಡ್ಡ ಉಸಿರು ಕೊಡೋಣ” ಎಂಬುದು. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ೧೦ರಿಂದ ೧೫ ಮಿಲಿಲೀಟರ್ ಗಾಳಿ ಎಂಬ ಲೆಕ್ಕ ದಶಕಗಳ ಕಾಲ ನಡೆದುಬಂತು. ಆರೋಗ್ಯವಂತನು ಸುಮ್ಮನೆ ಕುಳಿತಾಗ ಎಳೆದುಕೊಳ್ಳುವ ಉಸಿರು ಕಿಲೋಗ್ರಾಮಿಗೆ ಆರೇಳು ಮಿಲಿಲೀಟರ್ ಮಾತ್ರ. ಎಂದರೆ ನಿದ್ರಿಸುತ್ತಿರುವ ರೋಗಿಗೆ ಎಚ್ಚರದಲ್ಲಿ ಆತ ಉಸಿರಾಡುವುದರ ಇಮ್ಮಡಿ ಗಾಳಿ.

ಅನುಮಾನ ಹುಟ್ಟಿದ್ದು ಇಲಿಗಳಿಂದ. ೧೯೭೪ರಲ್ಲಿ ವೆಬ್ ಮತ್ತು ಟಿಯರ್ನಿ ಎಂಬವರು ಹೆಚ್ಚಿನ ಒತ್ತಡದಲ್ಲಿ ಗಾಳಿ ಕೊಟ್ಟ ಇಲಿಗಳ ಶ್ವಾಸಕೋಶದಲ್ಲಿ ಒಂದು ಗಂಟೆಯೊಳಗೆ ನೀರು ತುಂಬಿದ್ದನ್ನು ಕಂಡರು. ಉಸಿರು ಬಿಟ್ಟ ಮೇಲೂ ವಾಯುಕೋಶಗಳು ಪೂರ್ತಿ ಮುಚ್ಚದಂತೆ ಸ್ವಲ್ಪ ಒತ್ತಡವನ್ನು ಉಳಿಸಿದರೆ ಹಾನಿ ತಗ್ಗುವುದೂ ಕಂಡಿತು. ಇದನ್ನು ವೈದ್ಯರು ‘ಪೀಪ್’ ಎನ್ನುತ್ತಾರೆ. ನಾವು ತಂಗು ಒತ್ತಡ ಎನ್ನೋಣ. ಮನುಷ್ಯರ ಮೇಲೆ ದೊಡ್ಡ ಪ್ರಮಾಣದ ಪರೀಕ್ಷೆ ಮುಗಿಯಲು ೨೦೦೦ನೆಯ ಇಸವಿ ಬರಬೇಕಾಯಿತು. ಶ್ವಾಸಕೋಶ ತೀವ್ರವಾಗಿ ಕೆಟ್ಟಿದ್ದ ೮೬೧ ಮಂದಿಯಲ್ಲಿ ಒಂದು ಗುಂಪಿಗೆ ೧೨ ಮಿಲಿಲೀಟರಿನ ಲೆಕ್ಕದಲ್ಲಿ, ಇನ್ನೊಂದಕ್ಕೆ ೬ ಮಿಲಿಲೀಟರಿನ ಲೆಕ್ಕದಲ್ಲಿ ಅಮೆರಿಕದ ಆಸ್ಪತ್ರೆಗಳು ಗಾಳಿ ಕೊಟ್ಟವು. ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು ೪೦ ಮಂದಿ ತೀರಿಕೊಂಡರೆ ಎರಡನೆಯದರಲ್ಲಿ ೩೧. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಒಂದು ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ್ದು ಅಷ್ಟೆ.

ಅವರೆಲ್ಲ ತೀವ್ರ ನಿಗಾ ಘಟಕದ ರೋಗಿಗಳು. ಆರೋಗ್ಯವಾಗಿರುವ ಶ್ವಾಸಕೋಶದೊಡನೆ ಶಸ್ತ್ರಚಿಕಿತ್ಸೆಗೆ ಬರುವವರಿಗೂ ಇದು ಅನ್ವಯಿಸುವುದೇ? ೨೦೧೩ರಲ್ಲಿ ಫ್ರಾನ್ಸಿನ ವೈದ್ಯರು ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಬಂದ ೪೦೦ ಮಂದಿಯಲ್ಲಿ ಇದನ್ನು ಪರೀಕ್ಷಿಸಿದರು. ಹಳೆಯ ಕ್ರಮದಲ್ಲಿ ಗಾಳಿ ಪಡೆದವರಲ್ಲಿ ನೂರಕ್ಕೆ ೨೭ಕ್ಕೂ ಹೆಚ್ಚು ಮಂದಿಗೆ ಒಂದು ವಾರದೊಳಗೆ ದೊಡ್ಡ ತೊಡಕುಗಳು ಬಂದವು. ಕಿಲೋಗ್ರಾಮಿಗೆ ೬ರಿಂದ ೮ ಮಿಲಿಲೀಟರ್, ಜೊತೆಗೆ ತಂಗು ಒತ್ತಡ, ಅರ್ಧ ಗಂಟೆಗೊಮ್ಮೆ ಶ್ವಾಸಕೋಶವನ್ನು ನಿಧಾನವಾಗಿ ಅರಳಿಸುವ ಕ್ರಮ, ಇವನ್ನು ಪಡೆದವರಲ್ಲಿ ಆ ಸಂಖ್ಯೆ ನೂರಕ್ಕೆ ೧೦ ಚಿಲ್ಲರೆ.

ಇಷ್ಟಕ್ಕೇ ನಿಲ್ಲಿಸಿದರೆ ಓದುಗರಿಗೆ ಅರ್ಧ ಸತ್ಯವನ್ನು ಉಣಬಡಿಸಿದಂತಾಗುತ್ತದೆ. ೨೦೧೪ರಲ್ಲಿ ಪ್ರಕಟವಾದ ೯೦೦ ಮಂದಿಯ ಪರೀಕ್ಷೆಯಲ್ಲಿ ತಂಗು ಒತ್ತಡವನ್ನು ಬಹಳವಾಗಿ ಏರಿಸಿದ್ದರಿಂದ ಶ್ವಾಸಕೋಶಕ್ಕೆ ಲಾಭವಾಗಲಿಲ್ಲ. ರಕ್ತದೊತ್ತಡ ಮಾತ್ರ ಕುಸಿಯಿತು. ೨೦೨೦ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ೧೨೩೬ ಮಂದಿಯಲ್ಲಿ, ಎರಡೂ ಗುಂಪಿಗೆ ಒಂದೇ ಪ್ರಮಾಣದ ತಂಗು ಒತ್ತಡವಿಟ್ಟು, ೬ ಮಿಲಿಲೀಟರಿಗೂ ೧೦ ಮಿಲಿಲೀಟರಿಗೂ ಹೋಲಿಸಿದಾಗ ತೊಡಕುಗಳಲ್ಲಿ ಹೆಚ್ಚು ಕಡಿಮೆ ಕಾಣಲಿಲ್ಲ. ನಮಗೆ ತೋರುವುದಿಷ್ಟು: ಸಣ್ಣ ಉಸಿರು ಒಂದೇ ಮಂತ್ರದಂಡವಲ್ಲ, ದೊಡ್ಡ ಒತ್ತಡವೂ ಅಲ್ಲ. ಹದವಾದ ಉಸಿರು, ಹಿತಮಿತವಾದ ತಂಗು ಒತ್ತಡ, ಎಚ್ಚರವಿರುವ ಕಣ್ಣು, ಈ ಮೂರೂ ಕೂಡಿದ ಕ್ರಮವೇ ಇಂದು ಬಹುಪಾಲು ಅರಿವಳಿಕೆ ತಜ್ಞರು ಅನುಸರಿಸುವ ದಾರಿ. ೧೫ ಮಿಲಿಲೀಟರಿನ ಕಾಲಕ್ಕೆ ಹಿಂದಿರುಗಬೇಕೆಂದು ಇಂದು ಯಾರೂ ವಾದಿಸುವುದಿಲ್ಲ.

ಈ ಲೆಕ್ಕದಲ್ಲಿ ನಮ್ಮ ಮನೆಯ ತಾಯಂದಿರು ತಿಳಿಯಲೇಬೇಕಾದ ಒಂದು ಸಂಗತಿಯಿದೆ. ಮೇಲೆ ಹೇಳಿದ ‘ಕಿಲೋಗ್ರಾಮು’ ತಕ್ಕಡಿಯ ಮೇಲಿನ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ಶ್ವಾಸಕೋಶದ ಗಾತ್ರ ಎತ್ತರವನ್ನೂ ಹೆಣ್ಣು-ಗಂಡು ಎಂಬುದನ್ನೂ ಅವಲಂಬಿಸಿದೆ. ಮೈಬೊಜ್ಜು ಬೆಳೆದರೆ ಸೀರೆಯ ಕುಪ್ಪಸ ಬಿಗಿಯಾಗುತ್ತದೆಯೇ ಹೊರತು ಶ್ವಾಸಕೋಶ ಬೆಳೆಯುವುದಿಲ್ಲ. ಐದು ಅಡಿ ಎತ್ತರದ, ೭೫ ಕಿಲೋ ತೂಗುವ ಗೃಹಿಣಿಯೊಬ್ಬರನ್ನು ಊಹಿಸಿಕೊಳ್ಳಿ. ಎತ್ತರದ ಲೆಕ್ಕದಲ್ಲಿ ಅವರ ತೂಕ ೪೫.೫ ಕಿಲೋ. ೬ರಿಂದ ೮ ಮಿಲಿಲೀಟರ್ ಎಂದರೆ ಪ್ರತಿ ಉಸಿರಿಗೆ ಸುಮಾರು ೨೭೩ರಿಂದ ೩೬೪ ಮಿಲಿಲೀಟರ್. ಅದೇ ತಕ್ಕಡಿಯ ತೂಕಕ್ಕೆ ಹಳೆಯ ೧೦ರ ಲೆಕ್ಕ ಹಿಡಿದರೆ ೭೫೦ ಮಿಲಿಲೀಟರ್! ಗಿಡ್ಡವಾಗಿ ದಪ್ಪಗಿರುವ ಹೆಂಗಸರಿಗೆ ಈ ಅಪಾಯ ಎಲ್ಲರಿಗಿಂತ ಹೆಚ್ಚು. ಆದುದರಿಂದ ಆಸ್ಪತ್ರೆಯಲ್ಲಿ ತೂಕ ನೋಡಿದಂತೆ ಎತ್ತರವನ್ನೂ ಅಳೆದು ಬರೆದುಕೊಂಡರೇ ಎಂಬುದನ್ನು ಮನೆಯವರು ವಿನಯದಿಂದ ವಿಚಾರಿಸಬಹುದು. ಬೆನ್ನು ಬಾಗಿದ ಅಜ್ಜಿಯನ್ನು ನಿಲ್ಲಿಸಿ ಅಳೆಯಲಾಗದಿದ್ದರೆ ಚಾಚಿದ ತೋಳುಗಳ ಅಳತೆಯಿಂದ ಎತ್ತರವನ್ನು ಅಂದಾಜು ಮಾಡುವ ಕ್ರಮವೂ ಇದೆ. ಬೇರೆಯವರ ವಿದ್ಯೆಯಲ್ಲಿ ಕೈಹಾಕಿದಂತಾಗುವುದೆಂದು ಸಂಕೋಚಪಡಬೇಕಾಗಿಲ್ಲ; ಒಳ್ಳೆಯ ಅರಿವಳಿಕೆ ತಜ್ಞರು ಇಂತಹ ಪ್ರಶ್ನೆಗೆ ಸಂತೋಷಪಡುತ್ತಾರೆ. ಶಸ್ತ್ರವೈದ್ಯರ ಹೆಸರನ್ನು ಹತ್ತು ಊರುಗಳಲ್ಲಿ ವಿಚಾರಿಸುವ ನಾವು, ಅಷ್ಟು ಹೊತ್ತೂ ತಲೆಯ ಬಳಿ ನಿಂತು ಉಸಿರು ಕಾಯುವವರ ಹೆಸರನ್ನೇ ಕೇಳುವುದಿಲ್ಲವೆಂಬುದು ಬೇರೆ ಮಾತು.

ನಮ್ಮ ಭಾಗದ ಕಾಯಕಗಳ ವಿಚಾರವೂ ಇಲ್ಲಿ ಬರುತ್ತದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಖ್ಯಾತಿ ದೊಡ್ಡದು. ಆದರೆ ಬೇಸಿನ್ನಿನ ಮುಂದೆ ಕುಳಿತು ಕುದಿನೀರಿನ ಹಬೆಯಲ್ಲಿ ನೂಲು ಬಿಚ್ಚುವವರಿಗೆ ಒಲೆಯ ಹೊಗೆಯೂ ಗೂಡಿನ ಕಣಗಳೂ ನಿತ್ಯದ ಉಸಿರು. ರೇಷ್ಮೆಯ ಕೆಲಸದವರಲ್ಲಿ ಅಸ್ತಮಾ ಬರುವುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. ಹುಳು ಸಾಕುವ ಮನೆಗಳಲ್ಲಿ ಬ್ಲೀಚಿಂಗ್ ಪುಡಿ, ಸುಣ್ಣದ ಧೂಳು. ಚನ್ನಪಟ್ಟಣದ ಗೊಂಬೆಯ ಹೊಳಪು ನೋಡುವವರಿಗೆ ಚೆಂದ. ಲೇತಿನ ಮುಂದೆ ಬಾಗಿದವನ ಮೂಗಿಗೆ ಮರದ ನವುರಾದ ಹೊಟ್ಟು. ಕನಕಪುರದ ಕಲ್ಲುಗಣಿಗಳಲ್ಲಿ ದುಡಿದವರ ಎದೆಯೊಳಗೆ ಕಲ್ಲಿನ ಧೂಳು ಕುಳಿತುಬಿಟ್ಟರೆ ಅದು ಹೊರಬರುವುದಿಲ್ಲ. ಮಾಗಡಿಯ ಹಳ್ಳಿಗಳಲ್ಲಿ ನಲವತ್ತು ವರ್ಷ ಸೌದೆ ಒಲೆ ಊದಿದ ತಾಯಿ ಬೀಡಿಯನ್ನು ಮುಟ್ಟದಿದ್ದರೂ ಬೀಡಿ ಸೇದಿದವನಂತೆಯೇ ಏದುಸಿರು ಬಿಡುವುದುಂಟು. ಇಂತಹವರು “ನನಗೇನೂ ಕಾಯಿಲೆಯಿಲ್ಲ” ಎಂದುಬಿಡುತ್ತಾರೆ. ಅರಿವಳಿಕೆ ವೈದ್ಯರಿಗೆ ಬೇಕಾದದ್ದು ಕಾಯಿಲೆಯ ಹೆಸರಲ್ಲ, ಅವರ ಕಾಯಕದ ಕಥೆ. ಏನು ಕೆಲಸ, ಎಷ್ಟು ವರ್ಷ, ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆಯೇ, ಹಿಂದೆ ಕ್ಷಯ ಆಗಿತ್ತೇ, ರಾತ್ರಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಲ್ಲುತ್ತದೆಯೇ, ಇವನ್ನು ಮರೆಮಾಚದೆ ಹೇಳಬೇಕು. ಅಸ್ತಮಾದ ಇನ್‌ಹೇಲರ್ ಬಳಸುವವರು ವೈದ್ಯರು ಬೇಡವೆನ್ನದ ಹೊರತು ಆ ದಿನವೂ ಅದನ್ನು ಬಳಸಿ, ಜೊತೆಯಲ್ಲಿ ಒಯ್ಯಬೇಕು. ಬೀಡಿ ಸಿಗರೇಟುಗಳನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಟ್ಟರೆ ಶ್ವಾಸಕೋಶಕ್ಕೆ ಚೇತರಿಕೆ ಸಿಗುತ್ತದೆ. ಅಷ್ಟು ಕಾಲಾವಕಾಶವಿಲ್ಲದಿದ್ದರೂ ಬಿಡುವುದರಿಂದ ನಷ್ಟವಿಲ್ಲ.

ಎಲ್ಲ ಶಸ್ತ್ರಚಿಕಿತ್ಸೆಗೂ ಯಂತ್ರದ ಉಸಿರು ಬೇಕಿಲ್ಲವೆಂಬುದನ್ನೂ ಹೇಳಿಬಿಡುತ್ತೇವೆ. ಹೆರಿಗೆಯ ಸಿಸೇರಿಯನ್, ಹರ್ನಿಯಾ, ಕಾಲುಮೂಳೆಯ ಚಿಕಿತ್ಸೆಗಳು ಎಷ್ಟೋ ವೇಳೆ ಬೆನ್ನುಹುರಿಯ ಬಳಿ ಕೊಡುವ ಚುಚ್ಚುಮದ್ದಿನಿಂದಲೇ ನಡೆಯುತ್ತವೆ. ರೋಗಿ ತಾನೇ ಉಸಿರಾಡುತ್ತಿರುತ್ತಾನೆ. ಯಾವುದು ಸೂಕ್ತವೆಂಬುದನ್ನು ವೈದ್ಯರು ನಿರ್ಧರಿಸಬೇಕು.

ಇನ್ನು ನಮ್ಮ ಮನೆಗಳದೇ ಆದ ಎರಡು ವಿಷಯಗಳು. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಮಠದಿಂದಲೋ ದೇವಸ್ಥಾನದಿಂದಲೋ ತಂದ ಪ್ರಸಾದವನ್ನು ಹಿರಿಯರು ಅಕ್ಕರೆಯಿಂದ ರೋಗಿಯ ಬಾಯಿಗೆ ಹಾಕುವುದುಂಟು. “ಪ್ರಸಾದಕ್ಕೆ ದೋಷವೇ?” ಎಂದು ಅವರು ಕೇಳುತ್ತಾರೆ. ಪ್ರಸಾದಕ್ಕೆ ದೋಷವಿಲ್ಲ, ಆದರೆ ಹೊಟ್ಟೆಗೆ ಅದು ಆಹಾರವೇ. ಅರಿವಳಿಕೆಯಲ್ಲಿ ಗಂಟಲಿನ ಕಾವಲು ಸಡಿಲವಾಗುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಯಾವ ಹದವಾದ ಉಸಿರೂ ಆ ಹಾನಿಯನ್ನು ತಡೆಯಲಾರದು. ಸಾಮಾನ್ಯವಾಗಿ ಲಘು ಆಹಾರಕ್ಕೆ ಆರು ಗಂಟೆ, ಎಣ್ಣೆ ತುಪ್ಪದ ಊಟಕ್ಕೆ ಎಂಟು ಗಂಟೆ, ಬರಿಯ ನೀರಿಗೆ ಎರಡು ಗಂಟೆ ಬಿಡುವು ಇರಬೇಕು. ನಿಮ್ಮ ವೈದ್ಯರು ಹೇಳಿದ ಕಾಲವೇ ಅಂತಿಮ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಎತ್ತಿಡಿ, ವೈದ್ಯರು ಆಹಾರಕ್ಕೆ ಒಪ್ಪಿಗೆ ಕೊಟ್ಟ ದಿನ ಮೊದಲ ತುತ್ತು ಅದೇ ಆಗಲಿ. ಗೊತ್ತಿಲ್ಲದೆ ಏನಾದರೂ ತಿಂದಿದ್ದರೆ ಗದರಿಕೆಗೆ ಅಂಜಿ ಮುಚ್ಚಿಡಬೇಡಿ, ಸಮಯವನ್ನು ಮುಂದೂಡಬಹುದು.

ಎರಡನೆಯದು ಇಷ್ಟಲಿಂಗದ ಪ್ರಶ್ನೆ. ಗುರುಕರುಣೆಯಿಂದ ಬಂದ ಲಿಂಗ ಅಂಗವನ್ನು ಅಗಲಬಾರದೆಂಬುದು ನಮ್ಮ ನಿಷ್ಠೆ. ಅದನ್ನು ದಾದಿಯರು ಆತುರದಲ್ಲಿ ತೆಗೆಯಹೋಗಿ ಹಿರಿಯರು ಕಣ್ಣೀರಿಟ್ಟ ಪ್ರಸಂಗಗಳಿವೆ. ಆಸ್ಪತ್ರೆಯವರ ಕಡೆಯಲ್ಲೂ ನ್ಯಾಯವಿದೆ. ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವಾಗ ಮೈಮೇಲೆ ಬೆಳ್ಳಿಯ ಕರಡಿಗೆ, ಉಡಿದಾರದಂತಹ ಲೋಹವಿದ್ದರೆ ಸುಟ್ಟಗಾಯವಾಗುವ ಸಂಭವವುಂಟು. ಎದೆಯ ಮೇಲೆ ಹೃದಯದ ಬಡಿತ ನೋಡುವ ಪಟ್ಟಿಗಳನ್ನು ಅಂಟಿಸಬೇಕಾಗುತ್ತದೆ. ಆದುದರಿಂದ ಹಿಂದಿನ ದಿನವೇ ಅರಿವಳಿಕೆ ವೈದ್ಯರೊಡನೆ ಮಾತಾಡಿ. ಲೋಹದ ಕರಡಿಗೆ ಬಿಟ್ಟು ಲಿಂಗವಸ್ತ್ರದಲ್ಲಿ ಸುತ್ತಿ, ಗಾಯದಿಂದ ದೂರದಲ್ಲಿ ಕಟ್ಟಿಕೊಳ್ಳಲು ಅವಕಾಶವಿದೆಯೇ ಎಂದು ಕೇಳಿ. ಅದೂ ಆಗದಿದ್ದರೆ ಲಿಂಗವಂತರಾದ ಮನೆಯವರೊಬ್ಬರು ಅದನ್ನು ಭಕ್ತಿಯಿಂದ ಧರಿಸಿ ಕಾದಿದ್ದು, ಎಚ್ಚರವಾದೊಡನೆ ಒಪ್ಪಿಸಲಿ. ತಮ್ಮ ಗುರುಗಳನ್ನು ಮೊದಲೇ ವಿಚಾರಿಸಿಕೊಂಡರೆ ಹಿರಿಯರ ಮನಸ್ಸಿಗೆ ಸಮಾಧಾನ. ಅಂಜಿ ಅಳುತ್ತ ಥಿಯೇಟರಿಗೆ ಹೋದವರಿಗಿಂತ ನೆಮ್ಮದಿಯಿಂದ ಹೋದವರ ಆರೈಕೆ ವೈದ್ಯರಿಗೂ ಸುಲಭ.

ಯಂತ್ರದ ಕೆಲಸ ಮುಗಿದ ಮೇಲೆ ಮನೆಯವರ ಕೆಲಸ ಆರಂಭವಾಗುತ್ತದೆ. ೨೦೧೮ರಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಆಸ್ಪತ್ರೆಗಳಿಂದ ಬಂದ ಒಂದು ವರದಿ ನಮ್ಮನ್ನು ಬಹುವಾಗಿ ಸೆಳೆಯಿತು. ಮೇಲುಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬರಲಿದ್ದ ೪೪೧ ಮಂದಿಯಲ್ಲಿ ಅರ್ಧದಷ್ಟು ಜನರಿಗೆ, ಕೆಲವು ದಿನ ಅಥವಾ ವಾರಗಳ ಮುಂಚೆ, ಬರಿಯ ಅರ್ಧ ಗಂಟೆಯ ಪಾಠ ಹೇಳಿದರು: ಎಚ್ಚರವಾದೊಡನೆ ಗಂಟೆಗಂಟೆಗೂ ದೀರ್ಘವಾಗಿ ಉಸಿರಾಡಿ ಕೆಮ್ಮಬೇಕು, ಏಕೆ ಹಾಗೆ ಮಾಡಬೇಕು ಎಂದು. ಪಾಠ ಕೇಳದವರಲ್ಲಿ ನೂರಕ್ಕೆ ೨೭ ಮಂದಿಗೆ ಶ್ವಾಸಕೋಶದ ತೊಡಕು ಬಂದರೆ, ಕೇಳಿದವರಲ್ಲಿ ೧೨ ಮಂದಿಗೆ ಮಾತ್ರ. ಇದಕ್ಕೆ ಬೆಲೆಬಾಳುವ ಯಂತ್ರ ಬೇಡ, ಬೆಂಗಳೂರಿನ ಆಸ್ಪತ್ರೆಯೇ ಆಗಬೇಕೆಂದೂ ಇಲ್ಲ. ಆಪರೇಷನ್ ಮುಗಿದ ಮೇಲೆ ನೋವಿನಲ್ಲಿರುವವರಿಗೆ ಹೇಳಿಕೊಟ್ಟರೆ ತಲೆಗೆ ಹತ್ತುವುದಿಲ್ಲ. ಮೊದಲೇ ಮನೆಯಲ್ಲಿ ರೂಢಿಯಾಗಬೇಕು. ಮೂಗಿನಿಂದ ನಿಧಾನವಾಗಿ ಎಳೆದು, ಕ್ಷಣಕಾಲ ತಡೆದು, ಮೆಲ್ಲನೆ ಬಿಡುವುದು. ಹತ್ತು ಸಲ, ಆಮೇಲೆ ಎರಡು ಮೂರು ಸಲ ಕೆಮ್ಮುವುದು. ನೋವಿದ್ದರೆ ಹಲ್ಲುಕಚ್ಚಿ ಸಹಿಸುವುದು ಶೌರ್ಯವಲ್ಲ, ನೋವಿಗೆ ಔಷಧ ಕೇಳಬೇಕು. ನೋವಿರುವವನು ಆಳವಾಗಿ ಉಸಿರಾಡಲಾರ, ಕೆಮ್ಮಲಾರ.

ಬಂಧುಬಳಗ ನೋಡಲು ಬಂದಾಗ “ಮಲಗಿಕೊಳ್ಳಿ, ಏಳಬೇಡಿ” ಎನ್ನುವ ಉಪಚಾರವನ್ನು ನಾವು ಬಿಡಬೇಕಾಗಿದೆ. ವೈದ್ಯರು ಒಪ್ಪಿದೊಡನೆ ಹಿರಿಯರನ್ನು ಹಾಸಿಗೆಯಿಂದ ಎಬ್ಬಿಸಿ ಕುಳ್ಳಿರಿಸಿ, ನಾಲ್ಕು ಹೆಜ್ಜೆ ನಡೆಸಬೇಕು. ಕುಳಿತಾಗ ವಪೆ ಕೆಳಗಿಳಿದು ಬೆನ್ನಿನ ಕಡೆ ಮುಚ್ಚಿದ ಭಾಗ ತೆರೆದುಕೊಳ್ಳುತ್ತದೆ. ನಿತ್ಯ ಇಷ್ಟಲಿಂಗ ಪೂಜೆ ಮಾಡುವವರಿಗೆ ಇದಕ್ಕೊಂದು ದಾರಿ ತಾನಾಗಿಯೇ ಇದೆ. ನೆಲದ ಮೇಲೆ ಪದ್ಮಾಸನ ಹಾಕುವುದು ಆ ದಿನಗಳಲ್ಲಿ ಸಾಧ್ಯವಾಗದು. ಬೆನ್ನು ನೆಟ್ಟಗಿರುವ ಕುರ್ಚಿಯಲ್ಲಿ ಕುಳಿತು ಬೆಳಿಗ್ಗೆ ಸಂಜೆ ಪೂಜೆ ಮಾಡಿದರೆ ಸಾಕು, ಅರ್ಧ ಗಂಟೆ ನೆಟ್ಟಗೆ ಕುಳಿತಂತಾಗುತ್ತದೆ. ಪಕ್ಕದಲ್ಲೊಂದು ಸಣ್ಣ ದಿಂಬಿರಲಿ. ನಡುವೆ ಕೆಮ್ಮು ಬಂದರೆ ಹೊಲಿಗೆಯ ಮೇಲೆ ಅದನ್ನು ಒತ್ತಿ ಹಿಡಿದುಕೊಳ್ಳಬೇಕಾಗುತ್ತದೆ.